ತವರಿಗೆ ಹೋದ ದೊರೆಸಾನಿ

ನಮ್ಮೂರ ಗುಡ್ಡದ ಬಂಗಲೆಯ ಚಿತ್ರಪಟದಲ್ಲಿ ಕೂತಿರುವ ದೊರೆಸಾನಿ ಪ್ರತಿ ವರ್ಷ ಗೌರಿ ಹಬ್ಬದ ಹಿಂದಿನ ದಿನ ಪಟದಿಂದ ಇಳಿದು ತವರಿಗೆ ಹೋಗುತ್ತಾಳೆ. ಎಂಟು ದಿನ ಇದ್ದು ಒಂಬತ್ತನೆಯ ದಿನ ಬೆಳಗಿನ ಕಾಫಿ ಹೊತ್ತಿಗೆ ಬಂದು ಮತ್ತೆ ತನ್ನ ಕುರ್ಚಿಯಲ್ಲಿ ಕೂತಿರುತ್ತಾಳೆ. ತವರು ಎಲ್ಲಿದೆ, ಹೇಗೆ ಹೋಗುತ್ತಾಳೆ, ಕರೆಯಲು ಯಾರು ಬರುತ್ತಾರೆ ಎಂದೆಲ್ಲ ನನ್ನನ್ನು ಕೇಳಬೇಡಿ. ಊರಿನ ಗಂಡಸರನ್ನು ಕೇಳಿ. ಗೊತ್ತಿಲ್ಲದ್ದನ್ನು ಬಿಡಿಸಿ ಹೇಳುವುದರಲ್ಲಿ ಅವರದು ಎತ್ತಿದ ಕೈ.

ಪಟ ಎಂದರೆ ಕ್ಯಾಲೆಂಡರಿನ ಪಟವಲ್ಲ. ಆಳೆತ್ತರದ ಎಣ್ಣೆಬಣ್ಣದ ಚಿತ್ರ, ಸುತ್ತಲೂ ಚಿನ್ನದ ನೀರು ಹಾಯಿಸಿದ ಚೌಕಟ್ಟು. ನೀಲಿ ರೇಷ್ಮೆ ಗೌನು, ಮೊಣಕೈಗೆ ಬಲೆಯಂಥ ಬಿಳಿ ಅಂಚು, ಗೂಡು ಕಟ್ಟಿದ ಹಾಗೆ ಮೇಲೆತ್ತಿ ಪೌಡರು ಸುರಿದ ಕೂದಲು, ಕೈಯಲ್ಲಿ ಮಡಿಸಿದ ಬೀಸಣಿಗೆ, ಮಡಿಲಲ್ಲಿ ಜೋಲುಕಿವಿಯ ಕಂದು ನಾಯಿ. ಬಂಗಲೆ ಕಟ್ಟಿಸಿದ ದೊರೆಯ ಹೆಂಡತಿಯಂತೆ. ದೊರೆಯ ಪಟವನ್ನು ಗೆದ್ದಲು ತಿಂದಿತು, ಪುಣ್ಯಾತ್ಮ ಪಾರಾದ. ಚೌಕಟ್ಟಿನ ಕೆಳಗಿನ ಹಿತ್ತಾಳೆ ತಗಡಿನಲ್ಲಿ ೧೭೮೪ ಎಂಬ ಇಸವಿ ಮಾತ್ರ ಉಳಿದಿದೆ. ಅದರ ಮೇಲೆ ಅವಳ ಹೆಸರೂ ಇತ್ತು. ಭಕ್ತಿಯಿಂದ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಇನ್ನೂರು ವರ್ಷದಲ್ಲಿ ನಾವೇ ಅಳಿಸಿ ಹಾಕಿದ್ದೇವೆ.

ಚೌಕಟ್ಟು ಖಾಲಿ ಇರಬಾರದು ಎಂಬುದು ಊರಿನ ಕಟ್ಟಳೆ. ಹಿಂದೆ ಒಮ್ಮೆ ಖಾಲಿ ಬಿಟ್ಟಿದ್ದರಂತೆ. ಆಗ ಏನಾಯಿತು ಎಂದು ಕೇಳಿದರೆ ಹಿರಿಯರೆಲ್ಲ ಒಟ್ಟಿಗೇ ಕೆಮ್ಮುತ್ತಾರೆ. ಹಾಗಾಗಿ ಆ ಎಂಟು ದಿನ ಊರಿನ ಒಬ್ಬ ಹೆಂಗಸು ಮದುವೆ ಸೀರೆ ಉಟ್ಟು ಚೌಕಟ್ಟಿನೊಳಗೆ ಕಾಲಿಟ್ಟು ದೊರೆಸಾನಿಯ ಕುರ್ಚಿಯಲ್ಲಿ ಕೂರಬೇಕು. ಕೂತ ಹತ್ತು ನಿಮಿಷಕ್ಕೆ ಕಾಲಿನಿಂದ ಬಣ್ಣ ಏರುತ್ತದೆ. ಹಸಿವಿಲ್ಲ, ನಿದ್ದೆಯಿಲ್ಲ. ಎಲ್ಲ ಕಾಣಿಸುತ್ತದೆ, ಎಲ್ಲ ಕೇಳಿಸುತ್ತದೆ, ಮಾತಾಡುವ ಹಾಗಿಲ್ಲ, ಮೂಗು ಕಡಿದರೆ ಕೆರೆದುಕೊಳ್ಳುವ ಹಾಗಿಲ್ಲ. ದೊರೆಸಾನಿ ಬಂದು ಭುಜ ಮುಟ್ಟಿದರೆ ಕೂತವಳಿಗೆ ಬಿಡುಗಡೆ. ಇಳಿದ ಮೇಲೆ ಒಂದು ವಾರ ಕೈಕಾಲಿನ ಮೇಲೆ ಹಳೇ ಪಟದ ಬಿರುಕಿನ ಗೆರೆಗಳಿರುತ್ತವೆ, ಹರಳೆಣ್ಣೆ ಹಚ್ಚಿದರೆ ಹೋಗುತ್ತವೆ. ದೊರೆಸಾನಿ ನಾಯಿಯನ್ನು ಬಿಟ್ಟೇ ಹೋಗುವುದರಿಂದ ಅದು ಕೂತವಳ ಮಡಿಲಿಗೆ ಬೀಳುತ್ತದೆ. ಮಡಿವಂತರ ಮನೆಯ ಹೆಂಗಸರು ಇಳಿದು ಬಂದು ಎಣ್ಣೆಗೊಂದು, ನಾಯಿಗೊಂದು ಅಂತ ಎರಡು ಸಲ ಸ್ನಾನ ಮಾಡುತ್ತಾರೆ. ಇದಕ್ಕೆ ಮನೆಗೊಂದು ಪಾಳಿ. ಬಂಗಲೆ ಸಮಿತಿಯ ಪಟ್ಟಿಯಲ್ಲಿರುವುದೆಲ್ಲ ಗಂಡಸರ ಹೆಸರು, ಕೂರುವುದು ಅವರ ಹೆಂಡಂದಿರು. ಇಳಿದವಳಿಗೆ ಸಮಿತಿಯವರು ಒಂದು ತೆಂಗಿನಕಾಯಿ, ಒಂದು ರವಿಕೆ ಕಣ ಕೊಡುತ್ತಾರೆ.

ಈ ವರ್ಷದ ಪಾಳಿ ನಮ್ಮ ಮನೆಯದು. ನಾನು ತುಂಗಮ್ಮ, ಎಣ್ಣೆ ಗಾಣದ ತುಂಗಮ್ಮ. ಯಜಮಾನರು ಹಾಲಪ್ಪನವರು ಗಾಣ ನೋಡಿಕೊಳ್ಳುತ್ತಾರೆ, ನಾನು ಗಿರಾಕಿಗಳನ್ನೂ ಊರನ್ನೂ ನೋಡಿಕೊಳ್ಳುತ್ತೇನೆ. ಅವರು ಮಾತಾಡುವುದು ಬಹಳ ಕಮ್ಮಿ. ಮೂವತ್ತು ವರ್ಷ ನನ್ನ ಜೊತೆ ಬಾಳಿದವರಿಗೆ ಮಾತಾಡಲು ಸಂದಾದರೂ ಸಿಗಬೇಕಲ್ಲ! ಎಂಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ನನ್ನಂಥವಳಿಂದ ಆಗುವ ಮಾತೇ? ಮಂಡಿನೋವು ಎಂದೆ. ಮಂಡಿ ನೋಯುತ್ತಿದ್ದದ್ದು ಸುಳ್ಳಲ್ಲ. ಆದರೆ ಕುರ್ಚಿಯಲ್ಲಿ ಕೂರುವುದಕ್ಕೆ ಮಂಡಿ ಏನು ಅಡ್ಡ ಎಂದು ಸಮಿತಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಧ್ಯಕ್ಷರು ರಿಟೈರ್ಡ್ ಹೆಡ್‌ಮಾಸ್ತರು ಗುರುಸಿದ್ದಪ್ಪನವರು ಕನ್ನಡಕ ಹಣೆಗೇರಿಸಿ, "ಹಂಗಾದ್ರೆ ಹತ್ತಿರದ ಸಂಬಂಧದಲ್ಲಿ ಯಾರನ್ನಾದ್ರೂ ಕಳಿಸಿ ತುಂಗಮ್ಮ," ಎಂದರು. ಹತ್ತಿರದ ಸಂಬಂಧ ಎಂದರೆ ನನ್ನ ತಮ್ಮ ರುದ್ರೇಶನ ಹೆಂಡತಿ ಸರ್ವಮಂಗಳ. ಅವಳು ಯಾವತ್ತೂ ಯಾರಿಗೂ ಇಲ್ಲ ಎಂದವಳಲ್ಲ. "ಆಗ್ಲಿ ಅಕ್ಕ, ನಾನ್ ಕೂತ್ಕೋತೀನಿ ಬಿಡಿ," ಎಂದಳು. ಅವಳು ಹಾಗೆಂದದ್ದೇ ತಡ, ನಾನು ಮಂಡಿನೋವು ಮರೆತು ಬಂಗಲೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಮನೆಗೆ ಬಂದೆ.

ಒಂಬತ್ತನೆಯ ದಿನ ದೊರೆಸಾನಿ ಬರಲಿಲ್ಲ. ಹತ್ತನೆಯ ದಿನವೂ ಇಲ್ಲ, ಹದಿನೈದನೆಯ ದಿನವೂ ಇಲ್ಲ. ಊರಿಗೆಲ್ಲ ಆಶ್ಚರ್ಯ. ನನಗೇನೂ ಆಶ್ಚರ್ಯವಾಗಲಿಲ್ಲ. ಇನ್ನೂರು ವರ್ಷ ನೆಟ್ಟಗೆ ಕೂತು ಬೆನ್ನು ಸೆಟೆದವಳಿಗೆ ತವರಲ್ಲಿ ಯಾರೋ, "ಇನ್ನೆರಡು ದಿನ ಇದ್ದು ಹೋಗೇ," ಅಂದಿರಬೇಕು. ಸಮಿತಿಯವರು ಸಭೆ ಸೇರಿದರು, ಉಪ್ಪಿಟ್ಟು ತಿಂದರು, ಕಾಯುವುದು ಎಂದು ತೀರ್ಮಾನ ಮಾಡಿದರು. ಅಷ್ಟು ಹೊತ್ತಿಗೆ ಯಾರೋ ಮುದುಕಿ ಇನ್ನೊಂದು ದಾರಿ ಹೇಳಿದಳು. ದೊರೆಸಾನಿ ಇಲ್ಲದಿದ್ದರೆ ಮನೆಯವರೇ ಎದುರು ನಿಂತು ಹೆಸರು ಹಿಡಿದು ಕರೆಯಬೇಕಂತೆ. ಕರೆದದ್ದು ಕೂತವಳ ಮನಸ್ಸಿಗೆ ಮುಟ್ಟಿದರೆ ಬಣ್ಣ ತಾನಾಗಿ ಬಿಡುತ್ತದಂತೆ.

ರುದ್ರೇಶ ಹೋಗಿ ಕರೆದ. ಹೇಗೆ ಕರೆದ ಎಂದು ಕೇಳಿ. "ಲೇ ಮಂಗಳಾ, ಸಾಕು ಇಳಿ ಇನ್ನ. ಬಟ್ಟೆ ರಾಶಿ ಬಿದ್ದದೆ. ಹಾಲಿನೋನು ಎರಡು ಸಲ ಬಾಗ್ಲು ಬಡಿದು ಹೋದ. ಜರಡಿ ಎಲ್ಲಿಟ್ಟಿದೀಯೋ ಅದೂ ಸಿಕ್ತಿಲ್ಲ." ಆಹಾಹಾ, ಕಲ್ಲೂ ಕರಗಬೇಕು! ಪಟದಲ್ಲಿ ಒಂದು ರೆಪ್ಪೆಯೂ ಅಲ್ಲಾಡಲಿಲ್ಲ. ಅವನು ಸಮಿತಿಯವರ ಕಡೆ ತಿರುಗಿ, "ನೋಡಿದ್ರಾ, ಅವಳಿಗೇ ಬರೋ ಮನಸ್ಸಿಲ್ಲ," ಎಂದು ಕೈ ಕೊಡವಿದ. ಅವತ್ತಿನಿಂದ ಅವನ ಎರಡೂ ಹೊತ್ತಿನ ಊಟ ನಮ್ಮನೆಯಲ್ಲಿ.

ಆಮೇಲೆ ಶುರುವಾಯಿತು ನೋಡಿ ನನ್ನ ತಮ್ಮನ ಸಂಸಾರ ಸುಖ. ಸಂಜೆ ಗುಡ್ಡ ಹತ್ತಿ, ಪಟದ ಎದುರು ಬೆಂಚಿನಲ್ಲಿ ಕೂತು ಹೆಂಡತಿಯ ಜೊತೆ ಒಂದು ಗಂಟೆ ಮಾತಾಡಿ ಬರತೊಡಗಿದ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳ ಜೊತೆ ಒಟ್ಟು ಒಂದು ಗಂಟೆ ಮಾತಾಡಿದ್ದನೋ ಇಲ್ಲವೋ. ಒಂದು ದಿನ ನನ್ನ ಮನೆಯ ಸಾರು ಸುರಿದುಕೊಳ್ಳುತ್ತ ಹೇಳಿದ: "ಈಗ ನಮ್ಮಿಬ್ಬರದ್ದು ಎಷ್ಟು ಹೊಂದಿಕೆ ಆಗದೆ ಗೊತ್ತಾ ಅಕ್ಕ? ಹೇಳಿದ್ದೆಲ್ಲಾ ಕೇಳಿಸ್ಕೋತಾಳೆ. ಒಂದು ಎದುರು ಮಾತಿಲ್ಲ." ಸಾರಿನ ಸೌಟು ನನ್ನ ಕೈಯಲ್ಲೇ ಇತ್ತು. ಹೊಡೆಯಲಿಲ್ಲ, ಈಗಲೂ ಅದಕ್ಕೆ ಬೇಜಾರಿದೆ.

ಊರಿಗೂ ಅವಳು ಬಹಳ ಹಿಡಿಸಿಬಿಟ್ಟಳು. ನೆಲದ ಮೇಲೆ ಓಡಾಡಿಕೊಂಡಿದ್ದಾಗ ಅವಳ ಮುಖವನ್ನು ಸರಿಯಾಗಿ ನೋಡದವರೆಲ್ಲ ಈಗ ಗುಡ್ಡ ಹತ್ತಿ ಹೋಗಿ, "ಎಂಥಾ ಲಕ್ಷಣ! ಸಾಕ್ಷಾತ್ ಗೌರಿ!" ಎಂದು ಕೈಮುಗಿಯುವುದು. ಮೆಂತ್ಯದ ಬಣ್ಣದ ಸೀರೆ, ಕೆಂಪು ಅಂಚು, ಮಡಿಲಲ್ಲಿ ನಾಯಿ, ಹಿಂದೆ ಪರದೇಶದ ಮರ. ಚೆನ್ನಾಗಿಯೇ ಕಾಣುತ್ತಿದ್ದಳು. ಬಾಯಿಲ್ಲದವಳನ್ನು ಮೆಚ್ಚಲು ಯಾರಿಗೂ ಕಷ್ಟವಿಲ್ಲ. ಗುರುಸಿದ್ದಪ್ಪ ಮೇಷ್ಟ್ರಂತೂ ದಿನಾ ಬೆಳಗ್ಗೆ ಹೋಗಿ ಪೇಪರು ಓದಿ ಹೇಳುತ್ತಿದ್ದರು, ಅವಳು ಕೇಳಿಕೊಂಡು ಕೂತಿರುತ್ತಿದ್ದಳು.

ಎರಡು ತಿಂಗಳಾಗುತ್ತಿದ್ದಂತೆ ಸಮಿತಿ ಮತ್ತೆ ಸೇರಿತು. ನಾನೂ ಹೋಗಿ ಬಾಗಿಲ ಬಳಿ ನಿಂತೆ. ಮೇಷ್ಟ್ರು ಎದ್ದು ನಿಂತು ನಿರ್ಣಯ ಓದಿದರು. ದೊರೆಸಾನಿ ಬಂದರೆ ಬರಲಿ, ಬಾರದಿದ್ದರೆ ಇಲ್ಲ. ಇನ್ನು ಮುಂದೆ ಸರ್ವಮಂಗಳಮ್ಮನವರೇ ಚೌಕಟ್ಟಿನಲ್ಲಿ ಖಾಯಂ ಇರತಕ್ಕದ್ದು. ಕಾರಣವನ್ನೂ ಓದಿದರು, ಓದುವಾಗ ಅವರ ಮುಖದಲ್ಲಿ ಲೆಕ್ಕ ಬಿಡಿಸಿದ ಖುಷಿ. "ಈಕೆಗೆ ತಾಯಿ ತಂದೆ ಇಲ್ಲ. ಸಾಕಿದ ದೊಡ್ಡಪ್ಪ ಮದುವೆ ಮಾಡಿ ಊರು ಬಿಟ್ಟು ಹೋದ. ಅಣ್ಣ ತಮ್ಮ ಇಲ್ಲ, ಮಕ್ಕಳೂ ಇಲ್ಲ. ಅಂದ್ರೆ ವರ್ಷಾ ವರ್ಷಾ ತವರಿಗೆ ಹೋಗ್ತಾಳೆ ಅನ್ನೋ ತಾಪತ್ರಯವೇ ಇಲ್ಲ. ಪಾಳಿ ಹಾಕೋ ಜಂಜಾಟ ತಪ್ತು. ಇದಕ್ಕಿಂತ ಅನುಕೂಲ ಬೇಕಾ?" ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಮ್ಮನೂ ತಟ್ಟಿದ. ಕೊನೆಗೆ ಮೇಷ್ಟ್ರು ಕನ್ನಡಕ ಒರೆಸಿಕೊಂಡು, "ಹೆಣ್ಣುಮಗಳಿಗೆ ಅನ್ಯಾಯ ಆಯ್ತು ಅಂತ ನಾಳೆ ಯಾರೂ ಅನ್ನಬಾರದು," ಎಂದು ತಾವೇ ಒಂದು ಸಾಲು ಸೇರಿಸಿದರು: ತವರಿನಿಂದ ಕರೆಯಲು ಬಂದರೆ ಸಮಿತಿ ತಡೆಯತಕ್ಕದ್ದಲ್ಲ. ಇಲ್ಲದ ತವರಿನಿಂದ ಯಾರು ಬರುತ್ತಾರೆ? ಔದಾರ್ಯ ತೋರಿಸುವುದಕ್ಕೆ ಇದಕ್ಕಿಂತ ಸಲೀಸಾದ ಜಾಗ ಇರಲಿಲ್ಲ.

ಎಲ್ಲರೂ ಕಾಫಿಗೆ ಹೊರಗೆ ಹೋದ ಮೇಲೆ ನಾನು ಪಟದ ಹತ್ತಿರ ಹೋದೆ. ಹದಿನಾಲ್ಕು ಗೌರಿ ಹಬ್ಬ ಕಳೆದಿವೆ. ಪ್ರತಿ ಹಬ್ಬಕ್ಕೂ ಅವಳು ನನ್ನ ಮನೆಗೆ ಬಂದು ಬಾಗಿನದ ಮೊರಗಳಿಗೆ ಅರಿಶಿನ ಬಳಿದು, ಬೇಳೆ ಬೆಲ್ಲ ಬಳೆ ಜೋಡಿಸಿ, ನನ್ನ ತವರಿನಿಂದ ಬಂದದ್ದನ್ನು ಎತ್ತಿಟ್ಟು, ಕೈ ಒರೆಸಿಕೊಂಡು ಮನೆಗೆ ಹೋಗುತ್ತಿದ್ದಳು. ನನ್ನ ತವರು ಎಂದರೆ ಯಾರ ಮನೆ? ಅವಳದೇ ಮನೆ. ನನಗೆ ಬಾಗಿನ ಕಳಿಸುತ್ತಿದ್ದವಳು ಅವಳೇ. ಅವಳಿಗೆ ಎಲ್ಲಿಂದ ಬರುತ್ತದೆ ಎಂದು ಊರೆಲ್ಲವನ್ನೂ ವಿಚಾರಿಸುವ ಈ ತುಂಗಮ್ಮ ಒಂದು ದಿನ ಕೇಳಲಿಲ್ಲ. ನಾಚಿಕೆಯಾಯಿತು. "ಮಂಡಿನೋವು ಬರೀ ನೆಪ ಕಣೇ," ಎಂದು ಪಟಕ್ಕೆ ಹೇಳಿದೆ. "ನಾನು ಕೂರಬೇಕಾಗಿದ್ದ ಜಾಗ ಇದು. ನಿನ್ನನ್ನ ತಳ್ಳಿ ತಪ್ಪಿಸ್ಕೊಂಡೆ." ಆಧಾರಕ್ಕೆ ಅವಳ ಪಾದದ ಹತ್ತಿರ ಕೈ ಊರಿದೆ.

ಕೈಗೆ ಬಣ್ಣ ಒಣಗಿದ ಹಾಗೆ ತಾಕಿತು. ಚಿತ್ರದ ಬಣ್ಣ ಅಗಸೆ ಎಣ್ಣೆಯದು, ಬಂಗಲೆಯ ಒಳಗೆ ಕಾಲಿಟ್ಟರೆ ಸಾಕು ಗಾಣದವಳ ಮೂಗಿಗೆ ಗೊತ್ತಾಗುತ್ತದೆ. ಕಡಲೆಕಾಯಿ ಎಣ್ಣೆಯ ಹಾಗಲ್ಲ ಅದು, ಒಣಗುವ ಎಣ್ಣೆ. ಡಬ್ಬದ ಬಾಯಿಗೆ ಹತ್ತಿದ್ದು ನಾಲ್ಕು ದಿನ ಬಿಟ್ಟರೆ ಕೆನೆ ಕಟ್ಟುತ್ತದೆ, ಮೂರು ತಿಂಗಳು ಬಿಟ್ಟರೆ ಉಳಿ ಹಾಕಿ ಕೆತ್ತಬೇಕು. ಎಂಟು ದಿನಕ್ಕೆ ಇಳಿಯುತ್ತಿದ್ದವರಿಗೆ ಇದರ ಭಯವಿರಲಿಲ್ಲ. ಮಂಗಳಳ ಸೀರೆಯ ಅಂಚು ಮುಟ್ಟಿದೆ, ಗಟ್ಟಿ. ಕೈಬೆರಳು ಮುಟ್ಟಿದೆ, ಗಟ್ಟಿ. ಕೆನ್ನೆಯ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕು ಆಗಲೇ ಬಿಟ್ಟಿತ್ತು. ಕಾಲಿನ ಕಿರುಬೆರಳ ಹತ್ತಿರ ಮಾತ್ರ ಇನ್ನೂ ಅಂಟುತ್ತಿತ್ತು, ನನ್ನ ಬೆರಳಿಗೆ ಒಂದಿಷ್ಟು ಬಣ್ಣ ಬಂತು. ಅದೂ ಒಣಗಿದರೆ ಕರೆಯುವುದಕ್ಕೆ ಒಳಗೆ ಯಾರೂ ಇರುವುದಿಲ್ಲ.

ಮನೆಗೆ ಓಡಿದೆ. ಹೌದು, ಮಂಡಿನೋವಿನ ತುಂಗಮ್ಮ ಓಡಿದಳು. ಅಟ್ಟದಿಂದ ಎರಡು ಮೊರ ಇಳಿಸಿ ಅರಿಶಿನ ಬಳಿದೆ. ಅಕ್ಕಿ, ತೊಗರಿಬೇಳೆ, ಬೆಲ್ಲ, ಕಾಯಿ, ಹಸಿರು ಬಳೆ, ಬಾಚಣಿಗೆ, ಕನ್ನಡಿ, ನನಗೆಂದು ತೆಗೆದಿಟ್ಟಿದ್ದ ರವಿಕೆ ಕಣ, ಎಲ್ಲ ಹಾಕಿ ಇನ್ನೊಂದು ಮೊರ ಮುಚ್ಚಿದೆ. ಯಜಮಾನರು ಗಾಣದ ಬಳಿ ಹಿಂಡಿ ತುಂಬುತ್ತಿದ್ದರು. "ಒಂದು ಅಂಗಿ ಹಾಕ್ಕೊಂಡು ಬನ್ನಿ, ಮಗಳನ್ನ ಕರ್ಕೊಂಡು ಬರಬೇಕು," ಎಂದೆ. ಯಾವ ಮಗಳು ಎಂದು ಕೇಳಲಿಲ್ಲ. ಕೈ ತೊಳೆದುಕೊಂಡು ಮದುವೆ ಮುಂಜಿಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು ಬಂದರು. ದಾರಿಯಲ್ಲಿ ನಾನು ಎಲ್ಲ ಹೇಳಿದೆ, ಅವರು ಕೇಳುತ್ತ ಬಂದರು.

ಬಂಗಲೆಯಲ್ಲಿ ಸಮಿತಿಯವರು ಇನ್ನೂ ಕಾಫಿ ಲೋಟ ಹಿಡಿದು ನಿಂತಿದ್ದರು. ಮೊರ ನೋಡಿ ಮೇಷ್ಟ್ರಿಗೆ ನಗು ಬಂತು. "ಏನ್ ತುಂಗಮ್ಮ, ಕಾರ್ತಿಕ ಮಾಸದಲ್ಲಿ ಗೌರಿ ಬಾಗಿನ?"

"ತವರಿನೋರು ಕರೆಯೋಕೆ ಪಂಚಾಂಗ ನೋಡ್ಬೇಕಾ ಮೇಷ್ಟ್ರೇ? ನನ್ನ ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ನಿಮ್ಮದೇ ನಿರ್ಣಯ, ಶಾಯಿ ಆರಿಲ್ಲ ಇನ್ನೂ."

"ಮಗಳಾ? ನೀವು ಗಂಡನ ಅಕ್ಕ. ಗಂಡನ ಕಡೆಯೋರು ತವರು ಹೆಂಗಾಗ್ತಾರೆ?"

"ಅಕ್ಕನ ಮಗಳನ್ನ ತಮ್ಮ ಮದುವೆ ಆಗೋದು ನಮ್ಮಲ್ಲಿ ಹೊಸದಾ? ನಿಮ್ಮ ಮನೇಲಿ ನಿಮ್ಮ ಹೆಂಡ್ತಿ ಯಾರ ಮಗಳು? ನಿಮ್ಮ ದೊಡ್ಡಕ್ಕನ ಮಗಳಲ್ವಾ? ಅವರು ತವರಿಗೆ ಅಂತ ಹೋಗೋದು ಎಲ್ಲಿಗೆ? ಗಂಡನ ಅಕ್ಕನ ಮನೆಗೇ ತಾನೆ?"

ಸಮಿತಿಯಲ್ಲಿ ಮೂವರು ಅಕ್ಕನ ಮಕ್ಕಳನ್ನು ಮದುವೆಯಾದವರು. ಮೂವರೂ ಲೋಟದೊಳಗೆ ನೋಡತೊಡಗಿದರು. ಮೇಷ್ಟ್ರು ಮಾತ್ರ ಬಿಡಲಿಲ್ಲ. "ಅದು ಹುಟ್ಟಿದ ಮಕ್ಕಳ ಮಾತು. ಇವಳನ್ನ ನೀವು ಯಾವಾಗ ಹೆತ್ರಿ?"

"ಈಗ ಅರ್ಧ ಗಂಟೆ ಆಯ್ತು. ಮೊದಲು ಮದುವೆ, ಆಮೇಲೆ ಹುಟ್ಟು. ಸ್ವಲ್ಪ ಹಿಂದುಮುಂದಾಗಿದೆ, ನಿರ್ಣಯದಲ್ಲಿ ತಿದ್ಕೊಳ್ಳಿ."

ರುದ್ರೇಶ ಮುಂದೆ ಬಂದ. "ಅಕ್ಕ, ನಿನಗೇನ್ ತಲೆ ಕೆಟ್ಟಿದೆಯಾ? ಆಕೆ ಅಲ್ಲಿ ನೆಮ್ಮದಿಯಾಗಿದಾಳೆ."

"ನೀನು ಸುಮ್ನಿರಪ್ಪ ಅಳಿಯಂದ್ರೇ," ಎಂದೆ.

ಮೇಷ್ಟ್ರು ಕೊನೆಯ ಅಸ್ತ್ರ ತೆಗೆದರು. "ಏನೇ ಆಗ್ಲಿ, ಹೆಂಗಸು ಬಂದು ಕರೆದ್ರೆ ಅದು ಕರೆಯಲ್ಲ. ತವರಿನ ಗಂಡಸರು ಬರಬೇಕು. ಅಪ್ಪನೋ ಅಣ್ಣನೋ." ನನಗೆ ಮರುಮಾತು ತೋಚಲಿಲ್ಲ. ಜೀವಮಾನದಲ್ಲಿ ಮೊದಲ ಸಲ. ಅಷ್ಟರಲ್ಲಿ ನನ್ನ ಹಿಂದಿನಿಂದ ಯಜಮಾನರು ಮುಂದೆ ಬಂದರು. ಬಿಳಿ ಅಂಗಿಯ ಗುಂಡಿ ಮೇಲೆ ಕೆಳಗೆ ತಪ್ಪಿ ಹಾಕಿಕೊಂಡಿದ್ದರು. "ನಾನೇ ಅಪ್ಪ," ಎಂದರು. ಮೇಷ್ಟ್ರನ್ನು ಪಕ್ಕಕ್ಕೆ ಸರಿಸಿ ಪಟದ ಎದುರು ಹೋಗಿ ನಿಂತರು. "ಮಂಗಳಾ, ಬಾ ತಾಯಿ. ನಿಮ್ಮಮ್ಮ ಬಾಗಿನ ತಂದಿದಾಳೆ. ಮನೆಗೆ ಹೋಗೋಣ."

ಅಷ್ಟೇ. ಅಷ್ಟು ಮಾತನ್ನು ಅವರು ನನ್ನ ಜೊತೆಗೂ ಒಟ್ಟಿಗೆ ಆಡಿದ್ದಿಲ್ಲ. ನಾನು ಸೆರಗಿನ ಕೆಳಗೆ ಮೊರ ಹಿಡಿದು ಮುಂದೆ ಚಾಚಿದೆ. ಪಟದಲ್ಲಿ ಏನೂ ಅಲ್ಲಾಡಲಿಲ್ಲ. ತಡವಾಯಿತು, ಒಣಗಿಬಿಟ್ಟಿತು, ಪಾಪಿ ನಾನು ಎಂದು ಮೊರವನ್ನು ಇನ್ನಷ್ಟು ಮುಂದಕ್ಕೆ ಒಡ್ಡಿದೆ, ಒಳಗೆ ಬಳೆಗಳು ಸದ್ದು ಮಾಡಿದವು. ಆಗ ಮೊದಲು ನಾಯಿ ನೆಲಕ್ಕೆ ಹಾರಿತು. ಹಾರಿ ಮೈ ಕೊಡವಿತು, ಮೇಷ್ಟ್ರ ಪಂಚೆಯ ತುಂಬ ಕಂದು ಬಣ್ಣ ಸಿಡಿಯಿತು. ಆಮೇಲೆ ಕಾಲಿನ ಕಿರುಬೆರಳು, ಆಮೇಲೆ ಪಾದ. ಚೌಕಟ್ಟಿನ ಅಂಚು ದಾಟುವಾಗ ಅವಳ ಸೀರೆಯಿಂದ ಚೂರು ಚೂರು ಬಣ್ಣ ಉದುರಿತು. ಒಂದು ಹೆಜ್ಜೆ ಇಟ್ಟು ನಿಂತಳು, ಯಜಮಾನರು ತೋಳು ಹಿಡಿದರು. ಅವಳು ನನ್ನ ಕಡೆ ನೋಡಿದಳು. ಎರಡು ತಿಂಗಳು ಆಡದ ಬಾಯಿ, ದನಿ ಹೊರಡಲು ಹೊತ್ತು ಹಿಡಿಯಿತು.

"ಮಂಡಿನೋವು ಹೆಂಗಿದೆ ಅಕ್ಕ?" ಎಂದಳು.

ಕೇಳಿಸಿಕೊಂಡಿದ್ದಳು, ಕಳ್ಳಿ! ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಮೂಗೆಲ್ಲ ಸೋರಿತು. ಬಾಗಿನ ಅವಳ ಕೈಗೆ ಹಾಕಿದೆ. ಹಿಂದೆ ಮೇಷ್ಟ್ರು, "ಚೌಕಟ್ಟು! ಚೌಕಟ್ಟು ಖಾಲಿ!" ಎಂದು ಕೂಗುತ್ತಿದ್ದರು. ನಾವು ಮೂವರು ಗುಡ್ಡ ಇಳಿದೆವು, ನಾಯಿಯೂ ಜೊತೆಗೆ ಬಂತು.

ಮನೆಗೆ ಬಂದ ಮೇಲೆ ಹರಳೆಣ್ಣೆ ಕಾಯಿಸಿ ಅವಳ ಕೈಗೆ, ಕೆನ್ನೆಗೆ ಹಚ್ಚಿದೆ. ಕೆನ್ನೆಯ ಬಿರುಕು ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲವೆಂದು ಕಾಣುತ್ತದೆ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಬಡಿಸಿದರೆ, ತಾನೇ ಎದ್ದು ತಟ್ಟೆ ತೊಳೆಯಲು ಹೋದಳು. ಕೈ ಹಿಡಿದು ಕೂರಿಸಿದೆ. ಏನು ಮಾಡಬೇಕೆಂದು ತಿಳಿಯದೆ ಕೈ ಮಡಿಲಲ್ಲಿಟ್ಟುಕೊಂಡು, ಪಟದಲ್ಲಿದ್ದ ಹಾಗೇ ನೆಟ್ಟಗೆ ಕೂತಳು. ನಾನು ಹಾಸಿಗೆ ಹಾಸುತ್ತಿದ್ದಾಗ ಬಾಗಿಲಿಗೆ ಬಂದು ನಿಂತು, ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾ, ತವರಲ್ಲಿ ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ಬೇಕು?"

ಮೂವತ್ತಾರು ವರ್ಷದ ಹೆಂಗಸು. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ದಿಂಬಿಗೆ ಕವಚ ಹಾಕುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ. "ಎಚ್ಚರ ಆದಾಗ," ಎಂದೆ.

ಬೆಳಗ್ಗೆ ಒಂಬತ್ತು ಗಂಟೆಗೆ ಬಾಗಿಲು ಬಡಿಯುವ ಸದ್ದು. ನನ್ನ ತಮ್ಮ, ಮೇಷ್ಟ್ರು, ಹಿಂದೆ ಸಮಿತಿಯವರೆಲ್ಲ ನಿಂತಿದ್ದರು. ಮುಖ ನೋಡಿದರೆ ಒಬ್ಬರೂ ಮಲಗಿದ ಹಾಗಿರಲಿಲ್ಲ. ಚೌಕಟ್ಟು ಖಾಲಿಯಾಗಿ ಏನು ಅನಾಹುತ ಆಗುತ್ತದೋ ಎಂದು ಕಾದು ಕಾದು ಸುಸ್ತಾಗಿದ್ದರು. ಅನಾಹುತ ಆಗಿರಲಿಲ್ಲ, ಅದೇ ಅವರಿಗೆ ದೊಡ್ಡ ಗಾಬರಿ. ಮೇಷ್ಟ್ರು ಬೆರಳೆತ್ತಿ, "ತುಂಗಮ್ಮ, ಇದು ಊರಿನ ಮಾನದ ಪ್ರಶ್ನೆ, ಈಗಿಂದೀಗ ಅವಳನ್ನ..." ಎಂದು ಕ್ಲಾಸಿನಲ್ಲಿ ಕೂಗುವ ದನಿಯಲ್ಲಿ ಶುರುಮಾಡಿದರು. ರುದ್ರೇಶ ಅವರಿಗಿಂತ ಜೋರಾಗಿ, "ಮಂಗಳಾ!" ಎಂದ.

ನಾನು ಹೊಸ್ತಿಲು ದಾಟಿ ಬಂದು ಹಿಂದಿನಿಂದ ಬಾಗಿಲು ಎಳೆದುಕೊಂಡೆ.

"ಮೆಲ್ಲಗೆ ಮಾತಾಡಿ," ಎಂದೆ. "ಮಗಳು ಇನ್ನೂ ಮಲಗಿದಾಳೆ."